ಅಡ್ಮಿನ್ ಬೆರಳು ನ್ಯಾಯದಂಡವಲ್ಲ



ಬಹಿಷ್ಕಾರ ಅನಾಗರಿಕ ಎಂದು ವೇದಿಕೆಯ ಮೇಲೆ ಗುಡುಗುವ ನಾವೇ, ವಾಟ್ಸ್‌ಆ್ಯಪ್ ಬಳಗದಿಂದ ಒಬ್ಬರನ್ನು ಹೊರಹಾಕುವಾಗ ಕಾರಣವನ್ನೂ ಹೇಳುವುದಿಲ್ಲ. ಯಾರೋ ಧರ್ಮದ ಹೆಸರಿನ ಚರ್ಚೆಯಲ್ಲಿ ಬೇರೆ ಮಾತಾಡುತ್ತಾರೆ, ಇನ್ನಾರೋ ಸಂಗ್ರಹಿಸಿದ ಹಣದ ಲೆಕ್ಕ ಕೇಳುತ್ತಾರೆ. ಅಡ್ಮಿನ್ ಬೆರಳು ಒತ್ತುತ್ತಾರೆ, ಅಲ್ಲಿಗೆ ಮುಗಿಯಿತು. ನೋಟಿಸ್ ಇಲ್ಲ, ವಿಚಾರಣೆ ಇಲ್ಲ, ಮೇಲ್ಮನವಿ ಇಲ್ಲ. ಕಲಬುರಗಿಯಲ್ಲಿರುವವರಿಗೆ ಇದು ಸಣ್ಣ ಮಾತು. ಸಂಜೆ ಮಠದ ಕಡೆ ಹೋದರೆ ನಾಲ್ಕು ಜನ ಶರಣರು ಸಿಗುತ್ತಾರೆ. ದುಬೈಯಲ್ಲೋ ಟೆಕ್ಸಾಸ್‌ನಲ್ಲೋ ಇರುವ ಹೆಣ್ಣುಮಗಳಿಗೆ ಆ ಬಳಗವೇ ಮಠ, ಅದೇ ಅನುಭಾವ ಗೋಷ್ಠಿ. ಆಕೆಯ ಪಾಲಿಗೆ ಇದು ಬಹಿಷ್ಕಾರವೇ.

ನಮ್ಮ ಸಮುದಾಯಕ್ಕೆ ಇಂದು ಗಡಿಯಿಲ್ಲ. ಗಡಿಯಿಲ್ಲದ ಸಮುದಾಯಕ್ಕೆ ಯಾವ ಊರಿನ ಹಿರಿಯರೂ ಕೂತು ನ್ಯಾಯ ಹೇಳಲಾರರು. ಆದ್ದರಿಂದ ಅದು ತನ್ನ ನಿಯಮವನ್ನು ತಾನೇ ಬರೆದುಕೊಳ್ಳಬೇಕು, ತನ್ನ ನ್ಯಾಯಪೀಠವನ್ನು ತಾನೇ ಕಟ್ಟಿಕೊಳ್ಳಬೇಕು.

"ಶರಣರಿಗೆ ಕಾನೂನು ಏಕೆ, ಪ್ರೀತಿ ಸಾಲದೇ?" ಎನ್ನುವವರಿದ್ದಾರೆ. ಪ್ರೀತಿ ಇರುವ ದಿನ ಕಾನೂನು ಬೇಕಿಲ್ಲ, ನಿಜ. ಜಗಳವಾದ ದಿನ ಬೇಕು. ನಿಯಮ ಬರೆಯದ ಕಡೆಯೂ ನಿಯಮವೊಂದು ಇದ್ದೇ ಇರುತ್ತದೆ. ಅದು ಒಬ್ಬರ ತಲೆಯೊಳಗೆ ಇರುತ್ತದೆ, ಅವರ ಕೋಪತಾಪಕ್ಕೆ ತಕ್ಕಂತೆ ಬದಲಾಗುತ್ತದೆ.

ನಮ್ಮ ಪರಂಪರೆ ಹೇಳುವುದೇನು? ಮೋಳಿಗೆ ಮಾರಯ್ಯನವರು ಕಾಶ್ಮೀರದಿಂದ, ಆದಯ್ಯನವರು ಸೌರಾಷ್ಟ್ರದಿಂದ ಬಂದರೆಂದು ಹೇಳುತ್ತೇವೆ. ಅಂದರೆ ಶರಣರ ಕೂಟಕ್ಕೆ 12ನೆಯ ಶತಮಾನದಲ್ಲೇ ಗಡಿಯಿರಲಿಲ್ಲ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಕಟುವಾಗಿಯೇ ಪ್ರಶ್ನಿಸಿದರೆಂದು ಶೂನ್ಯಸಂಪಾದನೆ ತಿಳಿಸುತ್ತದೆ. ಆದರೆ ಪ್ರಶ್ನೆ ಎಲ್ಲರೆದುರು ಬಂತು, ಅಕ್ಕ ಎಲ್ಲರೆದುರು ಉತ್ತರಿಸಿದರು, ಸಭೆ ಕೇಳಿಸಿಕೊಂಡಿತು. ಅದೇ ಕಲ್ಯಾಣದಲ್ಲಿ ಇನ್ನೊಂದು ಬಗೆಯ ನ್ಯಾಯವೂ ನಡೆಯಿತು. ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ಬಗ್ಗೆ ಬಿಜ್ಜಳನ ಕಿವಿಗೆ ಚಾಡಿ ಬಿತ್ತು; ಬಂದ ತೀರ್ಪು ಎಳೆಹೂಟೆ. ಸಭೆಯ ನ್ಯಾಯ ಬೇಕೋ, ಚಾಡಿಯ ನ್ಯಾಯ ಬೇಕೋ? ನಮ್ಮ ಬಳಗಗಳಲ್ಲಿ ಇಂದು ನಡೆಯುತ್ತಿರುವುದು ಎರಡನೆಯದು.

ಇದು ಆಗದ ಕೆಲಸ ಎನ್ನುವವರು ಇಂಗ್ಲಿಷ್ ವಿಕಿಪೀಡಿಯವನ್ನು ನೋಡಲಿ. ಬೇರೆ ಬೇರೆ ದೇಶಗಳ, ಒಬ್ಬರ ಮುಖ ಒಬ್ಬರು ಕಾಣದ ಸ್ವಯಂಸೇವಕರ ಕೂಟವದು. ಅಲ್ಲಿ 2004ರಿಂದ ಆರ್ಬಿಟ್ರೇಷನ್ ಕಮಿಟಿ ಕೆಲಸ ಮಾಡುತ್ತಿದೆ. ಸದಸ್ಯರನ್ನು ಸಂಪಾದಕರೇ ಮತ ಹಾಕಿ ಆರಿಸುತ್ತಾರೆ. ಪ್ರಕರಣದಲ್ಲಿ ಸ್ವಂತ ಹಿತವಿರುವ ಸದಸ್ಯರು ಹಿಂದೆ ಸರಿಯಬೇಕು. ತೀರ್ಪಿನಲ್ಲಿ ತತ್ತ್ವ, ಸಾಬೀತಾದ ಸಂಗತಿ, ಕ್ರಮ ಎಂದು ಬೇರೆ ಬೇರೆಯಾಗಿ ಬರೆಯುತ್ತಾರೆ. 2019ರಲ್ಲಿ ವಿಕಿಮೀಡಿಯ ಪ್ರತಿಷ್ಠಾನವೇ ಒಬ್ಬ ನಿರ್ವಾಹಕರನ್ನು ಬಹಿರಂಗ ವಿಚಾರಣೆಯಿಲ್ಲದೆ ಒಂದು ವರ್ಷ ನಿಷೇಧಿಸಿತು. ಪ್ರತಿಭಟಿಸಿ ಹಲವು ನಿರ್ವಾಹಕರು ಹುದ್ದೆ ಬಿಟ್ಟರು. ಕೊನೆಗೆ ಕಮಿಟಿ ಸಾಕ್ಷ್ಯ ಪರಿಶೀಲಿಸಿ ನಿಷೇಧವನ್ನು ರದ್ದು ಮಾಡಿತು. ಆದರೆ ಅವರಿಗೆ ನಿರ್ವಾಹಕ ಅಧಿಕಾರ ಮರಳಿಸಲಿಲ್ಲ. ಮೇಲಿನವರ ಹುಕುಂಗೂ ತಲೆಬಾಗಲಿಲ್ಲ, ತಮ್ಮವರೆಂದು ತಪ್ಪನ್ನೂ ಮುಚ್ಚಲಿಲ್ಲ. ನ್ಯಾಯಪೀಠ ಎಂದರೆ ಹೀಗಿರಬೇಕು.

ಫೇಸ್‌ಬುಕ್ ಕಂಪನಿ ಕೂಡ 2020ರಲ್ಲಿ ಮೇಲ್ವಿಚಾರಣಾ ಮಂಡಳಿಯೊಂದರ ಸದಸ್ಯರನ್ನು ಹೆಸರಿಸಿತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಕುಲಪತಿ ಸುಧೀರ್ ಕೃಷ್ಣಸ್ವಾಮಿ ಮೊದಲ ಸದಸ್ಯರಲ್ಲಿ ಒಬ್ಬರು. 2021ರ ಮೇ ತಿಂಗಳಲ್ಲಿ ಡೊನಾಲ್ಡ್ ಟ್ರಂಪ್ ಪ್ರಕರಣದಲ್ಲಿ ಮಂಡಳಿ ಹೇಳಿದ್ದನ್ನು ಗಮನಿಸಿ: ತಡೆ ಹಾಕಿದ್ದು ಸರಿ, ಆದರೆ ಅವಧಿಯೇ ಇಲ್ಲದ ಅಮಾನತು ನಿಮ್ಮ ನಿಯಮದಲ್ಲೇ ಇಲ್ಲ, ಅದನ್ನು ಪುನಃ ಪರಿಶೀಲಿಸಿ. ಕಂಪನಿ ಬಳಿಕ ಎರಡು ವರ್ಷದ ಅವಧಿ ಗೊತ್ತುಮಾಡಿತು. ಈ ಮಂಡಳಿಗೂ ಮಿತಿಯಿದೆ. ಹಣ ಕಂಪನಿಯದೇ; ನೀತಿಯ ಬಗ್ಗೆ ಮಂಡಳಿ ಕೊಡುವ ಸಲಹೆಗಳನ್ನು ಕಂಪನಿ ಒಪ್ಪಲೇಬೇಕೆಂದಿಲ್ಲ. ಆದರೂ ಬರೆಯದ ಶಿಕ್ಷೆ ವಿಧಿಸಬಾರದು ಎಂಬ ಪಾಠ ಒಂದು ವ್ಯಾಪಾರಿ ಕಂಪನಿಗೂ ತಲುಪಿತು. ಬಸವಣ್ಣನವರ ಹೆಸರಿಟ್ಟುಕೊಂಡ ಬಳಗಗಳಿಗೆ ಯಾವಾಗ ತಲುಪೀತು?

ನಾನು ಸರ್ಕಾರದ ಕಾಮಗಾರಿಗಳಲ್ಲಿ ಬದುಕು ಕಳೆದ ಎಂಜಿನಿಯರ್. ಅಲ್ಲಿ ಮೆಜರ್‌ಮೆಂಟ್ ಬುಕ್‌ನಲ್ಲಿ ಅಳತೆ ಬರೆಯುವವರು ಒಬ್ಬರು, ಅದನ್ನು ಚೆಕ್ ಮಾಡುವವರು ಇನ್ನೊಬ್ಬರು. ಗುತ್ತಿಗೆದಾರನನ್ನು ಕಪ್ಪುಪಟ್ಟಿಗೆ ಸೇರಿಸುವ ಮುನ್ನ ಕಾರಣ ಕೇಳಿ ನೋಟಿಸ್ ಕೊಡಬೇಕು. ಜಲ್ಲಿ ಸಿಮೆಂಟಿನ ವ್ಯವಹಾರಕ್ಕೇ ಇಷ್ಟು ಎಚ್ಚರವಿರುವಾಗ ಮನುಷ್ಯರ ಮಾನಕ್ಕೆ ಇನ್ನೆಷ್ಟಿರಬೇಕು!

ಹಾಗಾಗಿ ಪ್ರತಿ ಶರಣ ಬಳಗವೂ ಒಂದೇ ಪುಟದ ಕಟ್ಟಳೆ ಬರೆದುಕೊಳ್ಳಲಿ. ಯಾವುದು ತಪ್ಪು, ಅದಕ್ಕೆ ಎಷ್ಟು ದಿನದ ತಡೆ ಎಂಬುದು ಮೊದಲೇ ಎಲ್ಲರಿಗೂ ಗೊತ್ತಿರಲಿ. ಆರೋಪಿಗೆ ಉತ್ತರಿಸಲು ಏಳು ದಿನ ಕೊಡಲಿ. ದೂರು ಕೊಟ್ಟವರು ತೀರ್ಪುಗಾರರಾಗದಿರಲಿ. ಸದಸ್ಯರೇ ಆರಿಸಿದ ಮೂವರ ಪೀಠವಿರಲಿ. ಅದರಲ್ಲಿ ಒಬ್ಬ ಮಹಿಳೆ, ಒಬ್ಬ ಹೊರನಾಡಿನವರು ಇರಲಿ. ಕಾರಣ ಬರೆದು ತೀರ್ಪು ಕೊಡಲಿ. ಮೇಲ್ಮನವಿಯನ್ನು ಇನ್ನೊಂದು ಬಳಗದ ಪೀಠ ಕೇಳಲಿ. ಹೆಣ್ಣುಮಕ್ಕಳಿಗೆ ಕಿರುಕುಳವಾದ ದೂರುಗಳಲ್ಲಿ ದೂರುದಾರರ ಹೆಸರು ಗುಟ್ಟಾಗಿರಲಿ. ಬಹಿರಂಗ ವಿಚಾರಣೆ ಎಂದರೆ ನೊಂದವರನ್ನು ಬೀದಿಗೆ ತರುವುದಲ್ಲ. ಬೆದರಿಕೆ, ಹಣದ ವಂಚನೆ ಪೊಲೀಸರಿಗೇ ಹೋಗಲಿ; ದೇಶದ ಕಾನೂನಿಗೆ ನಮ್ಮ ಪೀಠ ಬದಲಿಯಲ್ಲ.

"ಪೀಠವೇಕೆ, ಸ್ವಾಮಿಗಳು ಹೇಳಿದಂತೆ ಆಗಲಿ" ಎಂದು ಕೆಲವರು ಕೈಮುಗಿಯುತ್ತಾರೆ. ಪೂಜ್ಯರ ಮೇಲಿನ ಗೌರವ ಬೇರೆ, ತೀರ್ಪಿನ ಅಧಿಕಾರ ಬೇರೆ. ಲೆಕ್ಕ ಕೇಳಿದ್ದು ಮಠದ್ದೇ ಆಗಿದ್ದರೆ ಮಠಾಧೀಶರು ತೀರ್ಪು ಕೊಡುವುದು ಹೇಗೆ? ಆ ಮುಜುಗರಕ್ಕೆ ಅವರನ್ನು ಒಡ್ಡದಿರುವುದೇ ನಿಜವಾದ ಭಕ್ತಿ.

ಈ ಸಂಚಿಕೆ ಕೈಸೇರಿದ ಪ್ರತಿ ಅಡ್ಮಿನ್‌ಗೂ ನನ್ನ ಒತ್ತಾಯವಿಷ್ಟೇ: ಬರುವ ಬಸವ ಜಯಂತಿಯೊಳಗೆ ಆ ಒಂದು ಪುಟ ಬರೆದು ಬಳಗದ ಮುಂದಿಟ್ಟು ಮತಕ್ಕೆ ಹಾಕಿ. ಈ ಹಿಂದೆ ಕಾರಣ ಹೇಳದೆ ಹೊರಹಾಕಿದವರಿಗೂ ಅದನ್ನು ಕಳಿಸಿ, ಅವರ ಮಾತನ್ನೂ ಕೇಳಿ.