‘ಇನ್ನೇನೂ ಆಗದು’ ಎನ್ನಬೇಡಿ



ಅಡಿಕೆ ಮರದಿಂದ ಬಿದ್ದೋ ವಾಹನ ಅಪಘಾತದಲ್ಲೋ ಬೆನ್ನುಹುರಿಗೆ ಪೆಟ್ಟಾದವರನ್ನು ನೋಡಲು ಹೋದ ನಮ್ಮ ಜನ ಆಡುವ ಮಾತೊಂದಿದೆ: ‘ನರ ಒಮ್ಮೆ ಹೋದರೆ ಹೋಯಿತು, ಇನ್ನೇನೂ ಆಗದು.’ ಅನುಕಂಪದಿಂದ ಆಡಿದರೂ ರೋಗಿಯ ಕಿವಿಗೆ ಅದೊಂದು ತೀರ್ಪು. ಅದು ಅವೈಜ್ಞಾನಿಕವೂ ಹೌದು, ಕ್ರೂರವೂ ಹೌದು ಎಂಬುದು ನನ್ನ ವಾದ.

ಈ ತೀರ್ಪಿಗೆ ಒಂದು ಕಾಲದಲ್ಲಿ ವಿಜ್ಞಾನದ ಬೆಂಬಲವಿತ್ತು. 1906ರ ನೊಬೆಲ್ ಪುರಸ್ಕೃತರಲ್ಲಿ ಒಬ್ಬರಾದ ಸ್ಪೇನಿನ ರಾಮೋನ್ ಇ ಕಹಾಲ್ ಅವರು, ಬೆಳೆದವರ ಮಿದುಳು, ಬೆನ್ನುಹುರಿಗಳ ನರತಂತುಗಳು ತುಂಡಾದರೆ ಮರಳಿ ಬೆಳೆಯಲಾರವೆಂದು ಭಾವಿಸಿದ್ದರು. ಆದರೆ 1981ರಲ್ಲಿ ಕೆನಡಾದ ಡೇವಿಡ್ ಮತ್ತು ಅಗ್ವಾಯೊ, ಇಲಿಗಳಲ್ಲಿ ಕಾಲಿನ ನರದ ತುಣುಕನ್ನು ಸೇತುವೆಯಂತೆ ಕಸಿ ಮಾಡಿದಾಗ ಅವೇ ತಂತುಗಳು ಅದರೊಳಗೆ ಬೆಳೆದವು. ಬೀಜದಲ್ಲಿ ಸತ್ತ್ವವಿತ್ತು, ನೆಲ ಒಗ್ಗಿರಲಿಲ್ಲ.

ತುಂಡಾದ ತಂತು ಕೂಡದಿದ್ದರೂ ಎಷ್ಟೋ ಚೇತರಿಕೆ ಸಾಧ್ಯ. ಅನೇಕರಲ್ಲಿ ಬೆನ್ನುಹುರಿ ಪೂರ್ತಿ ಕತ್ತರಿಸಿಹೋಗಿರುವುದಿಲ್ಲ. ಉಳಿದ ತಂತುಗಳು ಕವಲೊಡೆದು, ಹುರಿಯೊಳಗಿನ ಇತರ ನರಕೋಶಗಳ ಮೂಲಕ ಬಳಸುದಾರಿ ಕಟ್ಟಿಕೊಳ್ಳಬಲ್ಲವು. 2004ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇಲಿಗಳಲ್ಲಿ ಇದನ್ನು ತೋರಿಸಿತು. ಜನ ನಡೆದಾಡಿದಷ್ಟೂ ಕಾಲುದಾರಿ ಗಟ್ಟಿಯಾಗುವಂತೆ, ಈ ದಾರಿಗಳೂ ಅಭ್ಯಾಸದಿಂದ ಬಲಗೊಳ್ಳುತ್ತವೆ. 2018ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ, ಪೆಟ್ಟಾಗಿ ನಾಲ್ಕು ವರ್ಷ ಮೀರಿದ್ದ ಮೂವರು ಬೆನ್ನುಹುರಿಗೆ ವಿದ್ಯುತ್ ಪ್ರಚೋದನೆ ಪಡೆಯುತ್ತ, ತಿಂಗಳುಗಟ್ಟಲೆ ತರಬೇತಿಯಿಂದ ಆಸರೆ ಹಿಡಿದು ನಡೆದರು. ಪ್ರಚೋದನೆ ನಿಲ್ಲಿಸಿದಾಗಲೂ ಕೆಲವು ಸ್ನಾಯುಗಳ ಹತೋಟಿ ಅವರಿಗೆ ಮರಳಿತ್ತು.

ಹಾಗೆಂದು ಎಲ್ಲರೂ ಎದ್ದು ನಡೆದಾರು ಎಂದು ನಾನು ಹೇಳುತ್ತಿಲ್ಲ. ಲಕ್ಷಗಟ್ಟಲೆ ಹಣ ಪಡೆದು ಸ್ಟೆಮ್ ಸೆಲ್ ಚುಚ್ಚುಮದ್ದಿನಿಂದ ಎಲ್ಲವೂ ಸರಿಹೋಗುವುದೆಂದು ನಂಬಿಸುವವರಿಗೂ ನನ್ನ ವಿರೋಧವಿದೆ. ‘ಏನೂ ಆಗದು’ ಎಂಬ ಮಾತಿನಿಂದ ಕಂಗೆಟ್ಟ ಕುಟುಂಬಗಳೇ ಇಂಥವರ ಬಲೆಗೆ ಬೀಳುತ್ತವೆ. ಇಬ್ಬರೂ ಮರೆಮಾಚುವುದು ಒಂದನ್ನೇ, ನಿತ್ಯದ ದೀರ್ಘ ಶ್ರಮವನ್ನು.

‘ಬಡವರಿಗೆ ಇದೆಲ್ಲ ಎಟುಕೀತೇ ಮೇಷ್ಟ್ರೇ?’ ಎಂದು ನೀವು ಕೇಳಬಹುದು. ವಿದ್ಯುತ್ ಯಂತ್ರ ಎಟುಕದು, ನಿಜ. ಆದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಹಾಸಿಗೆ ಹುಣ್ಣು ತಡೆಯುವುದಕ್ಕೆ, ಮೂತ್ರದ ಸೋಂಕಿನ ಬಗ್ಗೆ ಎಚ್ಚರ ವಹಿಸುವುದಕ್ಕೆ, ಹೇಳಿಕೊಟ್ಟ ವ್ಯಾಯಾಮ ಮಾಡಿಸುವುದಕ್ಕೆ ಯಂತ್ರ ಬೇಡ. ಆಸೆ ಬಿಟ್ಟ ಮನೆಯಲ್ಲಿ ಮೊದಲು ನಿಲ್ಲುವುದು ಇವೇ. ಜೀವಕ್ಕೆ ಎರವಾಗುವುದೂ ಇಲ್ಲಿಯೇ. 1954ರ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡ ವೆಲ್ಲೂರಿನ ಡಾ. ಮೇರಿ ವರ್ಗೀಸ್ ಮತ್ತೆ ನಡೆಯಲಿಲ್ಲ. ಆದರೆ ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡಿದರು, 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರವನ್ನೇ ಕಟ್ಟಿದರು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ಪುನರ್ವಸತಿ ಸೇವೆ ಸರಕಾರದ ಹೊಣೆ. ತಾಲ್ಲೂಕು ಆಸ್ಪತ್ರೆಯಲ್ಲೇ ಅದು ಸಿಗಬೇಕೆಂದು ನಾವು ಒತ್ತಾಯಿಸಬೇಕು.

ನಿಮ್ಮಲ್ಲಿ ವೈದ್ಯರಾದವರು ಮೊದಲ ವಾರದಲ್ಲೇ ಕೊನೆಯ ಮಾತು ಹೇಳದಿರಿ. ಉಳಿದವರು ಅಂಥ ಮನೆಗೆ ಹೋದಾಗ ನಿಟ್ಟುಸಿರು ಬಿಡುವುದನ್ನು ಬಿಟ್ಟು ‘ಇವತ್ತಿನ ವ್ಯಾಯಾಮ ಆಯಿತೇ?’ ಎಂದು ಕೇಳಿ. ಆಗಿರದಿದ್ದರೆ, ಕಾಫಿ ಆರಿದರೂ ಚಿಂತೆಯಿಲ್ಲ, ಮಾಡಿಸಲು ಮನೆಯವರಿಗೆ ಒಂದು ಕೈ ನೆರವಾಗಿ.