ತೂತಿನಿಂದ ಹೊರಟ ಹುಳು

ಕಾಗದಗಳಿಗೆ ತೂತು ಹಾಕಿ ಫೈಲಿಗೆ ಸೇರಿಸುವ ಪಂಚಿಂಗ್ ಮೆಷಿನ್ ಎಲ್ಲ ಕಚೇರಿಗಳಲ್ಲೂ ಇರುತ್ತದೆ. ಅಮೆರಿಕದ ಚಿತ್ರಕಾರ ಎರಿಕ್ ಕಾರ್ಲ್ ಒಮ್ಮೆ ಕಾಗದದ ಕಟ್ಟಿಗೆ ಹೀಗೆ ತೂತು ಹಾಕುತ್ತಿದ್ದಾಗ, ಪುಸ್ತಕದ ಹುಳು ಕೊರೆದ ರಂಧ್ರದಂತೆ ಅದು ಅವರಿಗೆ ಕಂಡಿತು. ‘ವಿಲ್ಲಿ’ ಎಂಬ ಹುಳುವಿನ ಒಂದು ವಾರದ ಕಥೆ ಹುಟ್ಟಿತು. ಸಂಪಾದಕಿ ಆ್ಯನ್ ಬೆನೆಡ್ಯೂಸ್ ಅವರಿಗೆ ಕಥೆ ಹಿಡಿಸಿತು, ಹುಳು ಹಿಡಿಸಲಿಲ್ಲ. ಕಂಬಳಿಹುಳು ಆದರೆ ಹೇಗೆ ಎಂದರು. ಕಾರ್ಲ್ ಅವರಿಗೆ ತಕ್ಷಣ ಹೊಳೆದದ್ದು ಚಿಟ್ಟೆ! 1969ರಲ್ಲಿ ‘ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’ ಹೊರಬಂತು. ಈಗ ಅದು 60ಕ್ಕೂ ಹೆಚ್ಚು ಭಾಷೆಗಳಲ್ಲಿದೆ.

ಕಥೆ ಬರೆದಾದ ಮೇಲೆ ಅಂದಕ್ಕೆಂದು ಸೇರಿಸಿದ ಚಿತ್ರಗಳಲ್ಲ ಇವು. ಸೋಮವಾರ ಹುಳು ಒಂದು ಸೇಬು ತಿನ್ನುತ್ತದೆ. ಆ ಪುಟ ಕಿರಿದು. ಮಂಗಳವಾರ ಎರಡು ಪೇರ್ ಹಣ್ಣು. ಪುಟ ತುಸು ಅಗಲ. ಶುಕ್ರವಾರ ಐದು ಕಿತ್ತಳೆ. ಹಣ್ಣು ಹೆಚ್ಚಿದಂತೆ ಪುಟವೂ ಬೆಳೆಯುತ್ತದೆ. ಪ್ರತಿ ಹಣ್ಣಿನಲ್ಲೂ ನಿಜವಾದ ತೂತು. ಮಗು ಬೆರಳು ತೂರಿಸಿ ನೋಡುತ್ತದೆ. ಎಣಿಕೆ, ವಾರದ ಹೆಸರು, ಬೆಳವಣಿಗೆ ಎಲ್ಲವೂ ಬೆರಳ ತುದಿಯಲ್ಲೇ ಕಲಿತಾಯಿತು. ಆದರೆ ಇಂಥ ತೂತಿನ, ಏರಿಳಿತದ ಪುಟಗಳನ್ನು ಅಮೆರಿಕದಲ್ಲಿ ಮುದ್ರಿಸುವುದು ವಿಪರೀತ ದುಬಾರಿಯಾಗಿತ್ತು. ಕೊನೆಗೆ ಬೆನೆಡ್ಯೂಸ್ ಜಪಾನಿನಲ್ಲಿ ಮುದ್ರಕರನ್ನು ಹುಡುಕಿದರು.

ಕಾರ್ಲ್ ಚಿತ್ರಗಳಲ್ಲಿ ಕುಂಚಕ್ಕಿಂತ ಕತ್ತರಿಯ ಕೆಲಸ ಹೆಚ್ಚು. ಮೊದಮೊದಲು ಅಂಗಡಿಯಲ್ಲಿ ಸಿಗುವ ಬಣ್ಣದ ಟಿಶ್ಯೂ ಕಾಗದವನ್ನೇ ಕತ್ತರಿಸಿ ಅಂಟಿಸುತ್ತಿದ್ದರು. ಆ ಬಣ್ಣ ಬೆಳಕಿಗೆ ಮಾಸುತ್ತಿತ್ತು. (ಬಿಸಿಲಿಗೆ ಹಾಕಿದ ಹೊಸ ಅಂಗಿಯ ಗತಿ ನಮಗೆಲ್ಲ ಗೊತ್ತಲ್ಲ! ಬೆಳಕಿನ ಶಕ್ತಿ ಬಣ್ಣದ ಅಣುಗಳನ್ನು ಒಡೆಯುತ್ತದೆ.) ಹಾಗಾಗಿ ಬಿಳಿಯ ಟಿಶ್ಯೂಗೆ ತಾವೇ ಅಕ್ರಿಲಿಕ್ ಬಣ್ಣ ಬಳಿಯತೊಡಗಿದರು. ಅಗಲ ಕುಂಚ, ಸ್ಪಂಜು, ಬೆರಳು, ಹಳೆಯ ಜಮಖಾನೆಯ ತುಂಡು, ಕೈಗೆ ಸಿಕ್ಕಿದ್ದೆಲ್ಲ ಉಪಕರಣವೇ. ಒಣಗಿದ ಹಾಳೆಗಳನ್ನು ಬಣ್ಣವಾರು ವಿಂಗಡಿಸಿ ಡ್ರಾಯರುಗಳಲ್ಲಿ ಇಡುತ್ತಿದ್ದರು. ಹುಳು ಬೇಕಾದಾಗ ಹಸಿರಿನ ಡ್ರಾಯರು ತೆರೆದರಾಯಿತು.

ಈ ಧೈರ್ಯದ ಬಣ್ಣಗಳ ಹಿಂದೆ ಒಬ್ಬ ಮೇಷ್ಟರಿದ್ದಾರೆ. 1929ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಕಾರ್ಲ್, ಆರನೆಯ ವಯಸ್ಸಿನಲ್ಲಿ ತಂದೆತಾಯಿಯೊಡನೆ ಜರ್ಮನಿಗೆ ಹೋದರು. ಅಲ್ಲಿ ಹಿಟ್ಲರನ ಆಡಳಿತ. ಪಿಕಾಸೊ, ಕ್ಲೀ, ಫ್ರಾಂಜ್ ಮಾರ್ಕ್ ಮುಂತಾದವರ ಚಿತ್ರಗಳಿಗೆ ‘ಕೆಟ್ಟ ಕಲೆ’ ಎಂಬ ಹಣೆಪಟ್ಟಿ, ನಿಷೇಧ. ಚಿತ್ರಕಲೆಯ ಶಿಕ್ಷಕ ಕ್ರೌಸ್ ಹುಡುಗನನ್ನು ಮನೆಗೆ ಕರೆಸಿ ಆ ಚಿತ್ರಗಳ ಪ್ರತಿಗಳನ್ನು ಗುಟ್ಟಾಗಿ ತೋರಿಸಿದರು. ಯಾರಾದರೂ ದೂರು ಕೊಟ್ಟಿದ್ದರೆ ಕೆಲಸ ಹೋಗುವುದಷ್ಟೇ ಅಲ್ಲ, ಪ್ರಾಣಕ್ಕೇ ಸಂಚಕಾರ ಬರಬಹುದಿತ್ತು. ಹುಡುಗ ಮೊದಲು ಬೆಚ್ಚಿಬಿದ್ದ, ಆದರೆ ಮರೆಯಲಿಲ್ಲ. 2011ರಲ್ಲಿ, ಎಂಬತ್ತು ದಾಟಿದ ಮೇಲೆ, ಮಾರ್ಕ್ ನೆನಪಿಗೆ ನೀಲಿ ಕುದುರೆಯ ಪುಸ್ತಕವೊಂದನ್ನು ಮಾಡಿದರು. ಮಗ ಆನೆಗೆ ಹಸಿರು ಬಳಿದನೆಂದು ಕ್ರೇಯಾನ್ ಕಿತ್ತುಕೊಳ್ಳುವ ಪೋಷಕರು ಈ ಮೇಷ್ಟರನ್ನು ಒಮ್ಮೆ ನೆನೆಯಲಿ.

ಇನ್ನು ನನ್ನ ವಿಷಯಕ್ಕೆ, ಅಂದರೆ ವಿಜ್ಞಾನಕ್ಕೆ ಬರೋಣ. ಪುಸ್ತಕದ ಹುಳು ಗೂಡು ಕಟ್ಟಿಕೊಂಡು ಚಿಟ್ಟೆಯಾಗುತ್ತದೆ. ರೇಷ್ಮೆಹುಳುವಿನಂತೆ ಎಳೆ ಸುತ್ತಿ ಗೂಡು ಕಟ್ಟುವುದು ಸಾಮಾನ್ಯವಾಗಿ ಪತಂಗಗಳ ರೀತಿ. ಚಿಟ್ಟೆಯ ಹುಳು ಚರ್ಮ ಕಳಚಿ, ಒಳಗಿನಿಂದಲೇ ಗಟ್ಟಿ ಕವಚದ ಕೋಶವಾಗುತ್ತದೆ. ಓದುಗರು ಆಕ್ಷೇಪಿಸಿದಾಗ ಕಾರ್ಲ್ ತಮ್ಮ ತಂದೆಯ ಮಾತನ್ನು ಮುಂದಿಟ್ಟರು: ‘ನಿನ್ನ ಗೂಡಿನಿಂದ ಹೊರಗೆ ಬಾ’ ಎಂದು ಅವರು ಮಗನಿಗೆ ಹೇಳುತ್ತಿದ್ದರಂತೆ. ನಾನು ಪರೀಕ್ಷೆಯಲ್ಲಿ ‘ಗೂಡು’ ಎಂದು ಬರೆದರೆ ಅಂಕ ಕೊಡಲಾರೆ. ಕಾರ್ಲ್ ಪುಸ್ತಕದಲ್ಲಿ ಅದನ್ನು ತಿದ್ದಲೂ ಹೋಗುವುದಿಲ್ಲ. ಹಿಮಾಲಯದಲ್ಲೂ ಇರುವ ಅಪೊಲೊ ಜಾತಿಯ ಚಿಟ್ಟೆಗಳು ಕೋಶದ ಸುತ್ತ ಸಡಿಲವಾಗಿ ರೇಷ್ಮೆ ಎಳೆಗಳನ್ನು ನೇಯುವುದುಂಟು. ಪ್ರಕೃತಿಯೂ ನಮ್ಮ ಪಠ್ಯಪುಸ್ತಕದಷ್ಟು ಕಟ್ಟುನಿಟ್ಟಲ್ಲ!

ಆ ತಂದೆ ಮಗನನ್ನು ಕಾಡಿಗೆ ಕರೆದೊಯ್ದು, ಕಲ್ಲು ಎತ್ತಿ, ತೊಗಟೆ ಸರಿಸಿ, ಕೆಳಗಿನ ಪುಟ್ಟ ಜೀವಿಗಳನ್ನು ತೋರಿಸಿ, ಮತ್ತೆ ಜೋಪಾನವಾಗಿ ಅಲ್ಲೇ ಬಿಡುತ್ತಿದ್ದರು. 2021ರಲ್ಲಿ ತೀರಿಕೊಂಡ ಕಾರ್ಲ್ ತಮ್ಮ ಪುಸ್ತಕಗಳಲ್ಲಿ ಜೇಡ, ಮಿಣುಕುಹುಳು, ಜೀರುಂಡೆಗಳಿಗೆ ಜಾಗ ಕೊಟ್ಟದ್ದು ಹೀಗೆ.

ನಿಮ್ಮ ಮನೆಯಲ್ಲಿ ನಿಂಬೆ ಗಿಡ ಇದ್ದರೆ ಮಳೆಗಾಲದಲ್ಲಿ ಅದರ ಚಿಗುರೆಲೆ ನೋಡಿ. ಸಾಸಿವೆ ಕಾಳಿಗಿಂತ ತುಸು ಚಿಕ್ಕದಾದ ಹಳದಿ ಮೊಟ್ಟೆ ಸಿಕ್ಕರೆ ನಿಂಬೆ ಚಿಟ್ಟೆಯದಿರಬಹುದು. ಅದರ ಹುಳುವನ್ನು ದಿನಕ್ಕೊಂದರಂತೆ ಬರೆಯುತ್ತಾ ಹೋಗಿ. ಸುಮಾರು ಎರಡು ವಾರದ ಕೆಲಸ. ಉದ್ದವನ್ನು ಸ್ಕೇಲಿನಿಂದ ಅಳೆದು ಪಕ್ಕದಲ್ಲಿ ಗುರುತು ಹಾಕಿ. ಕೊನೆಗೆ ಅದು ಹಸಿರಾಗುತ್ತದೆ. ಆದರೆ ಮೊದಲ ದಿನಗಳಲ್ಲಿ ಕಪ್ಪು ಬಿಳುಪಾಗಿ ಹಕ್ಕಿಯ ಹಿಕ್ಕೆಯಂತೆಯೇ ಇರುತ್ತದೆ, ಒರೆಸಿ ಹಾಕಿಬಿಟ್ಟೀರಿ!