ನೋವಿನ ಗುಳಿಗೆಯೂ ರಾತ್ರಿಯ ಉಸಿರೂ

ಹಗಲಿನ ನೋವನ್ನು ಮರೆಯಲೆಂದು ನುಂಗುವ ಗುಳಿಗೆಯು ರಾತ್ರಿಯ ಉಸಿರನ್ನೇ ತಡೆಯಬಲ್ಲುದೆಂದರೆ ನಮ್ಮ ವಾಚಕರಲ್ಲಿ ಹಲವರು ಹುಬ್ಬೇರಿಸಬಹುದು. ಆದರೆ ಇದು ವೈದ್ಯಲೋಕವು ಒಪ್ಪಿಕೊಂಡಿರುವ ಸಂಗತಿ. ಅಫೀಮಿನ ವರ್ಗಕ್ಕೆ ಸೇರಿದ ನೋವುನಿವಾರಕಗಳನ್ನು ತಿಂಗಳುಗಟ್ಟಲೆ ಸೇವಿಸುವವರಲ್ಲಿ ಅನೇಕರಿಗೆ ನಿದ್ರೆಯಲ್ಲಿ ಉಸಿರು ನಿಂತು ನಿಂತು ಸಾಗುತ್ತದೆ. ಅಮೆರಿಕದ ನೋವು ಚಿಕಿತ್ಸಾಲಯವೊಂದರಲ್ಲಿ ಇಂತಹ 140 ರೋಗಿಗಳ ನಿದ್ರೆಯನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ ನೂರಕ್ಕೆ 75 ಮಂದಿಗೆ ಈ ದೋಷವಿದ್ದುದು ಕಂಡುಬಂದಿತ್ತು. ಅಲ್ಲಿಯ ಔಷಧಗಳೂ ಅವುಗಳ ಪ್ರಮಾಣವೂ ಬೇರೆ. ಆ ಅಂಕೆಯನ್ನು ಹಾಗೆಯೇ ತಂದು ಇಲ್ಲಿಯವರಿಗೆ ಅನ್ವಯಿಸುವುದು ಸರಿಯಲ್ಲ. ಆದರೆ ಮನುಷ್ಯನ ಮೆದುಳು ಎಲ್ಲ ದೇಶದಲ್ಲಿಯೂ ಒಂದೇ.

ಈ ವಿಷಯವನ್ನು ನಾವು ಇಲ್ಲಿ ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಪತ್ರಿಕೆಯ ಮೇಜಿಗೆ ಬರುವ ಮೊದಲು ವರ್ಷಗಟ್ಟಲೆ ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ನಮಗೆ, ನಮ್ಮ ಜನರ ಸೊಂಟ ಮೊಣಕಾಲುಗಳ ಕಥೆಯನ್ನು ಬೇರೆಯವರು ಹೇಳಬೇಕಾಗಿಲ್ಲ. ದೋಸೆಯ ಕಾವಲಿಯ ಮುಂದೆ ನಿಂತವನು ಬೆಳಗಿನ ಐದರಿಂದ ನಿಂತೇ ಇರುತ್ತಾನೆ. ಹಿಟ್ಟಿನ ಪಾತ್ರೆ, ಅಕ್ಕಿಯ ಮೂಟೆ, ಗ್ಯಾಸಿನ ಸಿಲಿಂಡರುಗಳನ್ನು ಎತ್ತುವವನ ಬೆನ್ನು ನಲವತ್ತಕ್ಕೇ ಅರವತ್ತರದಾಗುತ್ತದೆ. ಕಚೇರಿಯ ಗುಮಾಸ್ತರ ಪಾಡು ಬೇರೆಯಾದರೂ ಮೇಲಲ್ಲ. ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಬಂದು ದಿನವಿಡೀ ಬಾಗಿ ಕುಳಿತವರ ಕುತ್ತಿಗೆ ಬೇಗನೆ ದೂರು ಹೇಳತೊಡಗುತ್ತದೆ. ರಜೆ ಹಾಕಿದರೆ ಸಂಬಳ ಹೋಗುವುದು, ಊರಿಗೆ ಮನಿಯಾರ್ಡರು ಕಳಿಸುತ್ತಿದ್ದವನ ಮಗ ಇಂದು ಮೊಬೈಲಿನಲ್ಲಿ ಹಣ ಕಳಿಸುತ್ತಾನೆಂಬುದೊಂದೇ ವ್ಯತ್ಯಾಸ. ಆದುದರಿಂದ ನೋವಿಗೆ ಗುಳಿಗೆಯೇ ಗತಿ. ಮೊದಲು ವೈದ್ಯರು ಐದು ದಿನಕ್ಕೆಂದು ಬರೆದುಕೊಟ್ಟ ಚೀಟಿಯು ಜೇಬಿನಲ್ಲಿ ಮಡಚಿಕೊಂಡು ಐದು ತಿಂಗಳು ಉಳಿಯುತ್ತದೆ. ಮೂಲೆಯ ಔಷಧದಂಗಡಿಯವನು ಅದನ್ನು ನೋಡಿಯೂ ನೋಡದಂತೆ ಪಟ್ಟಿ ಕತ್ತರಿಸಿ ಕೊಡುತ್ತಾನೆ.

ಎಲ್ಲ ನೋವಿನ ಗುಳಿಗೆಗಳೂ ಈ ವರ್ಗದವಲ್ಲ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದುವು ಬೇರೆ ಕುಲದವು. ಹೊಟ್ಟೆಗೆ, ಮೂತ್ರಪಿಂಡಕ್ಕೆ, ಯಕೃತ್ತಿಗೆ ಅವು ಮಾಡಬಹುದಾದ ಹಾನಿ ಬೇರೊಂದು ಅಧ್ಯಾಯ. ಇಲ್ಲಿ ಹೇಳುತ್ತಿರುವುದು ಟ್ರಮಡಾಲ್, ಟಪೆಂಟಡಾಲ್, ಕೋಡೀನ್, ಮಾರ್ಫೀನ್, ಚರ್ಮಕ್ಕೆ ಅಂಟಿಸುವ ಬುಪ್ರೆನಾರ್ಫಿನ್ ಮತ್ತು ಫೆಂಟನಿಲ್ ಪಟ್ಟಿಗಳು, ಇವುಗಳ ಮಾತು. ಟ್ರಮಡಾಲನ್ನು ಅನೇಕ ವೇಳೆ ಪ್ಯಾರಾಸಿಟಮಾಲಿನೊಡನೆ ಬೆರೆಸಿ ಒಂದೇ ಗುಳಿಗೆಯಾಗಿ ಮಾರುವುದರಿಂದ, ತಾನು ಏನನ್ನು ನುಂಗುತ್ತಿರುವೆನೆಂಬುದು ರೋಗಿಗೇ ತಿಳಿದಿರುವುದಿಲ್ಲ. ಪಟ್ಟಿಯ ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿಸಿಕೊಳ್ಳಿರಿ. 2018ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರವು ಟ್ರಮಡಾಲನ್ನು ಮಾದಕದ್ರವ್ಯಗಳ ಕಾನೂನಿನ ವ್ಯಾಪ್ತಿಗೆ ತಂದಿತು. ಗಸಗಸೆ ಪಾಯಸ ಮಾಡುವ ನಮ್ಮ ಭಟ್ಟರು ಈ ಮಾತು ಕೇಳಿ ಹೆದರಬೇಕಾಗಿಲ್ಲ: ಅಫೀಮು ಬರುವುದು ಅದೇ ಗಿಡದ ಎಳೆಯ ಕಾಯಿಯ ಹಾಲಿನಿಂದ, ಅಡಿಗೆಮನೆಗೆ ಬರುವ ಬೀಜದಲ್ಲಿ ಆ ಗುಣ ಹೆಸರಿಗಷ್ಟೆ.

ಉಸಿರಿಗೆ ಇದರಿಂದ ಆಗುವುದೇನು? ನಾವು ಮಲಗಿರುವಾಗ ಉಸಿರಾಡಬೇಕೆಂದು ನೆನಪಿಸುವ ಕಾವಲುಗಾರನು ಮೆದುಳಿನ ಬುಡದಲ್ಲಿದ್ದಾನೆ. ರಕ್ತದಲ್ಲಿ ಇಂಗಾಲಾಮ್ಲ ವಾಯು ಹೆಚ್ಚಿದೊಡನೆ ಅವನು ಎಚ್ಚತ್ತು ಎದೆಯ ಸ್ನಾಯುಗಳಿಗೆ ಆಜ್ಞೆ ಕೊಡುತ್ತಾನೆ. ಅಫೀಮಿನ ವರ್ಗದ ಔಷಧವು ನೋವನ್ನು ಮಂಕುಗೊಳಿಸುವಂತೆಯೇ ಈ ಕಾವಲುಗಾರನನ್ನೂ ತೂಕಡಿಸುವಂತೆ ಮಾಡುತ್ತದೆ. ಆಗ ಎದೆ ಏರುವುದೇ ಇಲ್ಲ. ಹತ್ತು, ಇಪ್ಪತ್ತು ಸೆಕೆಂಡು ಸುಮ್ಮನಿದ್ದು ಮತ್ತೆ ಲಯತಪ್ಪಿ ಆರಂಭವಾಗುತ್ತದೆ. ಇದು ಒಂದು ಬಗೆ. ಇನ್ನೊಂದು ಬಗೆಯಲ್ಲಿ ಎದೆಯು ಪ್ರಯತ್ನಿಸುತ್ತದೆ, ಆದರೆ ಸಡಿಲಗೊಂಡ ನಾಲಿಗೆ ಮತ್ತು ಗಂಟಲು ದಾರಿಯನ್ನು ಮುಚ್ಚಿಬಿಡುತ್ತವೆ. ದೊಡ್ಡ ಗೊರಕೆಯವರದು ಸಾಮಾನ್ಯವಾಗಿ ಈ ಜಾತಿ. ಹಲವರಲ್ಲಿ ಎರಡೂ ಕೂಡಿರುತ್ತವೆ. ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದ ಇಂತಹ ಅಡೆತಡೆಗಳು ಗಂಟೆಗೆ ಐದಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. ಮೂವತ್ತು ಮತ್ತು ಅದಕ್ಕೂ ಹೆಚ್ಚಾದರೆ ರೋಗವು ತೀವ್ರವೆಂದು ಎಣಿಕೆ.

ಟ್ರಮಡಾಲ್ ಈ ಕುಲದಲ್ಲಿ ಮೃದುವಾದುದೆಂಬುದು ನಿಜ. ಆದರೆ ಅದು ಒಂಟಿಯಾಗಿ ಹೊಟ್ಟೆಗೆ ಹೋಗುವುದು ಅಪರೂಪ. ನರದ ನೋವಿಗೆಂದು ಪ್ರಿಗಾಬಲಿನ್, ನಿದ್ರೆಗೆಂದು ಆಲ್ಪ್ರಜೊಲಾಮ್, ನೆಗಡಿಗೆಂದು ಮಂಪರು ತರುವ ಇನ್ನೊಂದು ಗುಳಿಗೆ, ಅಂಗಡಿಯ ಬಾಗಿಲೆಳೆದ ಮೇಲೆ ದಣಿವಾರಲೆಂದು ಒಂದು ಪೆಗ್ಗು. ಒಂದೊಂದನ್ನೂ ಬೇರೆ ಬೇರೆ ಲೆಕ್ಕ ಹಾಕುವವನಿಗೆ ಅಪಾಯವೇ ಕಾಣುವುದಿಲ್ಲ. ಮೆದುಳಿನ ಕಾವಲುಗಾರನಾದರೋ ಎಲ್ಲವನ್ನೂ ಒಟ್ಟಿಗೆ ಕೂಡುತ್ತಾನೆ. ಅಫೀಮಿನ ವರ್ಗದ ಔಷಧಗಳನ್ನು ನಿದ್ರಾಗುಳಿಗೆಗಳೊಡನೆ ಸೇವಿಸುವುದರ ಕುರಿತು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2016ರಲ್ಲಿ ತನ್ನ ಅತ್ಯಂತ ಕಠಿಣವಾದ ಎಚ್ಚರಿಕೆಯನ್ನು ಹೊರಡಿಸಿತು. 2019ರ ಡಿಸೆಂಬರಿನಲ್ಲಿ ಪ್ರಿಗಾಬಲಿನ್ ಬಗೆಗೂ ಉಸಿರಾಟದ ಎಚ್ಚರಿಕೆ ಬಂದಿತು.

ಈ ರೋಗಕ್ಕೆ ರೋಗಿಯೇ ಸಾಕ್ಷಿಯಾಗಲಾರನು, ಅವನು ನಿದ್ರಿಸುತ್ತಿರುತ್ತಾನೆ. ಮಗ್ಗುಲಲ್ಲಿ ಮಲಗಿದವನೇ ಸಾಕ್ಷಿ. ಮನೆಯಲ್ಲಾದರೆ ಹೆಂಡತಿ ಗಮನಿಸುತ್ತಾಳೆ. ಸಂಸಾರವನ್ನು ಊರಿನಲ್ಲಿ ಬಿಟ್ಟುಬಂದು, ಹೋಟೆಲಿನ ಅಟ್ಟದಲ್ಲಿಯೋ ಮೇಜುಗಳನ್ನು ಸರಿಸಿದ ನೆಲದ ಮೇಲೋ ಸಾಲಾಗಿ ಚಾಪೆ ಹಾಸುವವರಲ್ಲಿ ಗೊರಕೆಯೆಂದರೆ ನಗೆಯ ವಸ್ತು. "ರಾತ್ರಿಯೆಲ್ಲ ಗ್ರೈಂಡರ್ ಓಡಿಸಿದಿರಲ್ಲ ಮಾರಾಯ್ರೆ" ಎಂದು ಬೆಳಗ್ಗೆ ಹಾಸ್ಯ ಮಾಡುತ್ತಾರೆ. ಹಾಸ್ಯ ಮಾಡಲಿ, ಅಡ್ಡಿಯಿಲ್ಲ. ಆದರೆ ಗೊರಕೆಯ ನಡುವೆ ಬರುವ ಮೌನವನ್ನು ಯಾರಾದರೂ ಎಣಿಸಿ ನೋಡಿದ್ದುಂಟೆ? ಗೊರಕೆಯೇ ಇಲ್ಲದೆ, ಸಪೂರವಾದ ಮೈಯವನಲ್ಲಿಯೂ, ಎದೆ ಅಲುಗದೆ ಇಂತಹ ಮೌನ ಬರಬಹುದೆಂಬುದನ್ನು ವಿಶೇಷವಾಗಿ ಹೇಳಬೇಕಾಗಿದೆ, ಏಕೆಂದರೆ ದಪ್ಪ ಕುತ್ತಿಗೆಯವರಿಗೆ ಮಾತ್ರ ಈ ರೋಗವೆಂಬ ನಂಬಿಕೆ ಬಲವಾಗಿದೆ. ಎದ್ದಾಗ ತಲೆಭಾರ, ಗಲ್ಲಾದಲ್ಲಿ ಲೆಕ್ಕ ಮಾಡುತ್ತಲೇ ಕಣ್ಣು ಮುಚ್ಚಿಹೋಗುವುದು, ಮರೆವು, ಸಿಡುಕು: ಇವು ಹಗಲಿನ ಗುರುತುಗಳು. ನಿದ್ರೆ ಕೆಟ್ಟವನಿಗೆ ನೋವು ಇನ್ನೂ ಹೆಚ್ಚಾಗಿ ತೋರುತ್ತದೆ. ಹೆಚ್ಚಾದ ನೋವಿಗೆ ಇನ್ನೊಂದು ಗುಳಿಗೆ. ಆ ಗುಳಿಗೆಯಿಂದ ಇನ್ನಷ್ಟು ಕೆಟ್ಟ ನಿದ್ರೆ.

ಹಾಗಾದರೆ ಇಂದೇ ಗುಳಿಗೆಯನ್ನು ಎಸೆದುಬಿಡಬೇಕೆ? ಕೂಡದು. ತಿಂಗಳುಗಟ್ಟಲೆ ತೆಗೆದುಕೊಂಡುದನ್ನು ಒಮ್ಮೆಲೇ ನಿಲ್ಲಿಸಿದರೆ ಮೈನಡುಕ, ಭೇದಿ, ತಳಮಳ, ನಿದ್ರಾನಾಶಗಳು ಕಾಡುತ್ತವೆ, ನೋವು ಇಮ್ಮಡಿಸುತ್ತದೆ. ವೈದ್ಯರ ಲೆಕ್ಕದಂತೆ ವಾರ ವಾರವಾಗಿ ಇಳಿಸಿಕೊಂಡು ಬರಬೇಕು. ಅರ್ಬುದ ರೋಗದಿಂದ ನರಳುವವರ ವಿಷಯವಂತೂ ಬೇರೆಯೇ. ಅವರಿಗೆ ಮಾರ್ಫೀನ್ ವರದಾನ. ಮಧ್ಯಪ್ರದೇಶ ರಾಜಸ್ಥಾನಗಳ ಹೊಲಗಳಲ್ಲಿ ಸರ್ಕಾರದ ಪರವಾನಗಿಯಿಂದಲೇ ಅಫೀಮು ಬೆಳೆಯುವ ಈ ದೇಶದಲ್ಲಿ, 1985ರ ಕಾನೂನಿನ ಬಿಗಿಯಿಂದಾಗಿ ಸಾವಿರಾರು ರೋಗಿಗಳು ಮಾರ್ಫೀನ್ ಸಿಗದೆ ಕಿರುಚುತ್ತಲೇ ಪ್ರಾಣಬಿಟ್ಟರು. 2014ರಲ್ಲಿ ಕಾನೂನನ್ನು ತಿದ್ದಿ ಸಡಿಲಿಸಿದುದು ನ್ಯಾಯವೇ ಆಗಿತ್ತು. ಅಂತಹವರ ಕೈಯಿಂದ ಔಷಧವನ್ನು ಕಸಿಯುವ ಭಯವನ್ನು ಹರಡುವುದು ನಮ್ಮ ಉದ್ದೇಶವಲ್ಲ.

ಸೊಂಟನೋವು ಮೊಣಕಾಲುನೋವುಗಳಿಗೆ ಮಾತ್ರ ಈ ಔಷಧವು ನಿಜವಾಗಿ ಮೇಲೋ ಎಂಬ ಪ್ರಶ್ನೆಗೆ ಉತ್ತರ ಬಂದಿದೆ. ಅಮೆರಿಕದ ಮಾಜಿ ಸೈನಿಕರಲ್ಲಿ ಇಂತಹ ಹಳೆಯ ನೋವಿನ 240 ಮಂದಿಯನ್ನು ಒಂದು ವರ್ಷ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಅಫೀಮಿನ ವರ್ಗದ ಔಷಧ ಪಡೆದವರು ಸಾಮಾನ್ಯ ಔಷಧ ಪಡೆದವರಿಗಿಂತ ಹೆಚ್ಚು ಚುರುಕಾಗಿ ಓಡಾಡಲಿಲ್ಲ. ನೋವು ಕೂಡ ಅವರಿಗೆ ಕಡಿಮೆಯಾಗಿರಲಿಲ್ಲ. ಮೊದಲ ಚಿಕಿತ್ಸೆಯೆಂದರೆ ಇದೇ: ವೈದ್ಯರೊಡನೆ ಕುಳಿತು ಗುಳಿಗೆಯ ಪ್ರಮಾಣವನ್ನು ಇಳಿಸುವುದು, ಜೊತೆಯ ನಿದ್ರಾಗುಳಿಗೆಯನ್ನು ಕ್ರಮವಾಗಿ ಬಿಡುವುದು, ಮದ್ಯವನ್ನು ದೂರವಿಡುವುದು, ಬೆನ್ನಿಗೆ ವ್ಯಾಯಾಮ ಕಲಿಯುವುದು. ಪ್ರಮಾಣ ಇಳಿದಂತೆ ಉಸಿರು ಸುಧಾರಿಸಿದ ಉದಾಹರಣೆಗಳಿವೆ.

ಇದರಿಂದ ಸಾಲದಿದ್ದರೆ ನಿದ್ರಾ ಪರೀಕ್ಷೆ ಅಗತ್ಯ. ಒಂದು ರಾತ್ರಿ ಮೈಗೆ ತಂತಿಗಳನ್ನು ಅಂಟಿಸಿ ಉಸಿರು, ಆಮ್ಲಜನಕ, ಎದೆಬಡಿತ, ಮೆದುಳಿನ ಅಲೆಗಳನ್ನು ದಾಖಲಿಸುತ್ತಾರೆ. ದೊಡ್ಡ ಸಾರ್ವಜನಿಕ ಆಸ್ಪತ್ರೆಗಳ ಎದೆರೋಗ ಅಥವಾ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ವಿಚಾರಿಸಬೇಕು; ಬೆಂಗಳೂರಿನ ನಿಮ್ಹಾನ್ಸಿನಲ್ಲಿಯೂ ಇದರ ವ್ಯವಸ್ಥೆಯುಂಟು. ಗಂಟಲು ಮುಚ್ಚುವ ಬಗೆಗೆ, 1981ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು ಲೋಕಕ್ಕೆ ತಿಳಿಸಿದ ಸಿಪ್ಯಾಪ್ ಯಂತ್ರವೇ ಪ್ರಧಾನ ಚಿಕಿತ್ಸೆ. ಮೂಗಿನ ಮುಖವಾಡದ ಮೂಲಕ ಗಾಳಿಯ ಒತ್ತಡ ಕೊಟ್ಟು ದಾರಿಯನ್ನು ತೆರೆದಿಡುತ್ತದೆ. ಆದರೆ ಮೆದುಳೇ ಆಜ್ಞೆ ಕೊಡದ ಬಗೆಗೆ ಇದು ಅನೇಕ ವೇಳೆ ಸಾಲದು. ಅಲ್ಲಿ ಉಸಿರು ತಪ್ಪಿದಾಗ ತಾನೇ ಊದುವ, ಅಥವಾ ಪ್ರತಿ ಉಸಿರನ್ನೂ ಅಳೆದು ಹೊಂದಿಸಿಕೊಳ್ಳುವ ಯಂತ್ರಗಳು ಬೇಕಾಗುತ್ತವೆ. ಈ ಎರಡನೆಯ ವಿಧದ ಯಂತ್ರವನ್ನು ಹೃದಯದ ಬಲ ಕುಂದಿದವರಿಗೆ ಹಾಕಿದಾಗ ಸಾವು ಹೆಚ್ಚಿದುದು 2015ರ ದೊಡ್ಡದೊಂದು ಪರೀಕ್ಷೆಯಲ್ಲಿ ಕಂಡುಬಂದುದರಿಂದ, ಮೊದಲು ಹೃದಯವನ್ನು ಪರೀಕ್ಷಿಸುತ್ತಾರೆ. ಆದಕಾರಣ ನೆರೆಯವನ ಯಂತ್ರವನ್ನು ಎರವಲು ತಂದು ಕಟ್ಟಿಕೊಳ್ಳುವುದು ಚಿಕಿತ್ಸೆಯಲ್ಲ.

ಯಂತ್ರದ ಬೆಲೆ ನಮ್ಮ ಸಾಮಾನ್ಯ ಹೋಟೆಲ್ ನೌಕರನ ಎರಡು ಮೂರು ತಿಂಗಳ ಸಂಬಳ. ಇ.ಎಸ್.ಐ. ಚೀಟಿ ಉಳ್ಳವರು ಅಲ್ಲಿಯ ವೈದ್ಯರಲ್ಲಿ ತಪ್ಪದೆ ಕೇಳಬೇಕು. ನೌಕರನ ಹೆಸರನ್ನೇ ನೋಂದಾಯಿಸದ ಮಾಲಿಕರು ಇಲ್ಲಿ ಉತ್ತರ ಹೇಳಬೇಕಾಗುತ್ತದೆ. ಯಂತ್ರ ಸಿಕ್ಕಿದರೂ ಅದಕ್ಕೊಂದು ವಿದ್ಯುತ್ ಪ್ಲಗ್ಗು, ಮಲಗಲು ನಿಗದಿಯಾದ ಒಂದು ಮೂಲೆ ಬೇಕು. ರಾತ್ರಿ ಖರ್ಚು ಉಳಿಸಲು ಅಟ್ಟದ ಮೈನ್ ಸ್ವಿಚ್ಚನ್ನೇ ಆರಿಸುವ ಪದ್ಧತಿಯುಳ್ಳ ಹೋಟೆಲುಗಳನ್ನು ನಾವು ಬಲ್ಲೆವು.

ಅಪಾಯದ ಗಳಿಗೆಯ ಗುರುತುಗಳನ್ನು ಒಂದೇ ಕೋಣೆಯಲ್ಲಿ ಮಲಗುವವರೆಲ್ಲರೂ ತಿಳಿದಿರಬೇಕು: ಅಲುಗಿಸಿದರೂ ಏಳದಿರುವುದು, ನಿಮಿಷಕ್ಕೆ ಏಳೆಂಟು ಸಲಕ್ಕಿಂತ ಹೆಚ್ಚಾಗಿ ಉಸಿರಾಡದಿರುವುದು, ಗಂಟಲಿನಲ್ಲಿ ಗೊರಗೊರ ಸದ್ದು, ನೀಲಿಗಟ್ಟಿದ ತುಟಿ, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ. ಆಗ ಬಾಯಿಗೆ ಕಾಫಿ, ನೀರು ಸುರಿಯಬಾರದು. ಮಗ್ಗುಲಿಗೆ ಹೊರಳಿಸಿ, 108 ಅಥವಾ 112ಕ್ಕೆ ಫೋನು ಮಾಡಿ, ಗುಳಿಗೆಯ ಪಟ್ಟಿಯನ್ನು ಜೊತೆಯಲ್ಲಿಯೇ ಕಳಿಸಬೇಕು. ಆಸ್ಪತ್ರೆಯಲ್ಲಿ ನಲಾಕ್ಸೋನ್ ಎಂಬ ಚುಚ್ಚುಮದ್ದಿದೆ; ಸಕಾಲಕ್ಕೆ ತಲಪಿದರೆ ಅದು ನಿಮಿಷಗಳಲ್ಲಿ ಉಸಿರನ್ನು ಮರಳಿಸಬಲ್ಲುದು.

ಔಷಧದಂಗಡಿಗಳ ವಿಷಯದಲ್ಲಿ ಕಾನೂನು ಸಾಕಷ್ಟಿದೆ. 2014ರ ಮಾರ್ಚಿನಿಂದ ಜಾರಿಯಲ್ಲಿರುವ ನಿಯಮದಂತೆ ಟ್ರಮಡಾಲ್, ಕೋಡೀನ್, ಆಲ್ಪ್ರಜೊಲಾಮ್‌ಗಳನ್ನು ಮಾರುವವನು ರೋಗಿಯ ಹೆಸರು, ವೈದ್ಯರ ಹೆಸರು, ಪ್ರಮಾಣಗಳನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡತಕ್ಕದ್ದು. ಆ ಪುಸ್ತಕವನ್ನು ತೆರೆದು ನೋಡುವ ಅಧಿಕಾರಿಗಳು ಹೆಚ್ಚು ಕಾಣುತ್ತಿಲ್ಲವೆಂದೇ ನಮ್ಮ ದೂರು.

ನಮ್ಮ ಕನ್ನಡ ಸಂಘಗಳು ರಜಾದಿನಗಳಲ್ಲಿ ಆರೋಗ್ಯ ಶಿಬಿರಗಳನ್ನು ನಡೆಸುವುದುಂಟು. ರಕ್ತದೊತ್ತಡ, ಸಕ್ಕರೆ, ಕಣ್ಣುಗಳ ಪರೀಕ್ಷೆ ನಡೆಯುತ್ತದೆ, ಸಂತೋಷ. ಆ ಸರದಿಯಲ್ಲಿ ಎರಡು ಪ್ರಶ್ನೆಗಳನ್ನು ಸೇರಿಸಲು ಖರ್ಚೇನೂ ಇಲ್ಲ: ನೋವಿಗೆ ಯಾವ ಗುಳಿಗೆ, ಎಷ್ಟು ತಿಂಗಳಿಂದ? ರಾತ್ರಿ ನಿಮ್ಮ ಮಗ್ಗುಲಲ್ಲಿ ಮಲಗುವವರು ಏನು ಹೇಳುತ್ತಾರೆ? ಎರಡನೆಯ ಪ್ರಶ್ನೆಗೆ ಉತ್ತರಿಸಲು ಆ ಮಗ್ಗುಲಿನವನನ್ನೂ ಶಿಬಿರಕ್ಕೆ ಕರೆತರಲಿ.